ಗ್ಯಾಸಿನ ಡ್ರಮ್ಮಿಗೆ ಒಡೆದ ಕಾಯಿ

ಮೈಲವ್ವ ಎತ್ತಿದ ತೆಂಗಿನಕಾಯಿ ಗಾಳಿಯಲ್ಲೇ ನಿಂತಿತು. ಇಲ್ಲದಿದ್ದರೆ ಅದು ಫಕ್ಕೀರಸಾಬನ ತಲೆಯ ಮೇಲೆಯೇ ಒಡೆಯುತ್ತಿತ್ತು. ಗುಂಡಿಯಿಂದ ಎತ್ತಿ ಹಿತ್ತಲಲ್ಲಿ ಇಟ್ಟಿದ್ದ ಗೋಬರ್ ಗ್ಯಾಸಿನ ಕಬ್ಬಿಣದ ಡ್ರಮ್ಮಿನ ಅಂಚಿನ ಮೇಲೆ ಆತ ಓಡಿ ಬಂದು ಬೋರಲು ಬಿದ್ದುಬಿಟ್ಟಿದ್ದ.

“ಸರೀರಿ ಮೇಸ್ತ್ರಿ, ಕಾಯಿ ಒಡಿಯೋದೈತಿ,” ಎಂದಳು ಆಕೆ, ಏನೂ ಆಗಿಲ್ಲವೆಂಬಂತೆ.

“ಯಾವಾಗ್ಲೂ ಇಲ್ಲೇ ಒಡೀತೀರೇನ್ರಿ ಅಕ್ಕಾರ?”

“ಯಾವಾಗ್ಲೂ ಎಲ್ಲೈತಿ, ಅಮಾಸಿಗೊಮ್ಮೆ. ಇವತ್ತ ಹೊಸಾ ಬಣ್ಣಾ ಆಗೈತಲ್ಲ, ಅದಕ್ಕ.”

ಫಕ್ಕೀರಸಾಬ ಏಳಲಿಲ್ಲ. ರಾಣೆಬೆನ್ನೂರಿನಿಂದ ಮೇಡ್ಲೇರಿಗೆ ವೆಲ್ಡಿಂಗ್ ಸಾಮಾನನ್ನು ಟಂಟಂ ರಿಕ್ಷಾದಲ್ಲಿ ಹೇರಿಕೊಂಡು ಬಂದಿದ್ದು ಇದು ಮೂರು ವರ್ಷದಲ್ಲಿ ಮೂರನೇ ಸಲ. ಮೂರು ಸಲವೂ ತುಕ್ಕು ತಿಂದು ತೂತು ಬಿದ್ದಿದ್ದು ಅದೇ ಅಂಚಿನ ಅದೇ ಗೇಣುದ್ದದ ಜಾಗಕ್ಕೆ. ಡ್ರಮ್ಮು ಮಾಡಿಕೊಟ್ಟು, ಐದು ವರ್ಷ ತುಕ್ಕು ಹತ್ತಿರ ಸುಳಿಯುವುದಿಲ್ಲ ಎಂದು ಊರಕಟ್ಟೆಯ ಮೇಲೆ ಕೂತು ಗ್ಯಾರಂಟಿ ಕೊಟ್ಟವನು ಅವನೇ. ಆ ಮಾತು ನಂಬಿ ತಾವೂ ಡ್ರಮ್ಮು ಮಾಡಿಸಲು ಹೊರಟಿದ್ದ ನಾಲ್ಕು ಮನೆಯವರು ಈಗ ಅವನನ್ನು ಕಂಡರೆ ಮುಖ ತಿರುಗಿಸಿ ನಗುತ್ತಿದ್ದರು. ಈ ಸಲವೂ ಸೋರಿದರೆ ಬ್ಯಾಡಗಿಯಿಂದ ಬೇರೆ ಮೇಸ್ತ್ರಿಯನ್ನು ಕರೆಸುತ್ತೇವೆ ಎಂದು ಹೇಳಿಯೂ ಬಿಟ್ಟಿದ್ದರು. ಅವನೋ ಸಗಣಿಯನ್ನು ಬೈದಿದ್ದ, ಹೊಳೆಯ ನೀರನ್ನು ಬೈದಿದ್ದ, ಕಲಬೆರಕೆ ಬಣ್ಣ ಕೊಟ್ಟಿದ್ದೀ ಎಂದು ಅಂಗಡಿಯ ದಾದಾಸಾಬನೊಂದಿಗೆ ಜಗಳ ತೆಗೆದು ಆರು ತಿಂಗಳು ಮಾತು ಬಿಟ್ಟಿದ್ದ. ದಾದಾಸಾಬ ಅವನ ಸ್ವಂತ ಷಡ್ಡಕ ಬೇರೆ.

ಈಗ ನೋಡಿದರೆ ಕಾಯಿ! ಅಮಾವಾಸ್ಯೆಗೊಮ್ಮೆ ಪೆಟ್ಟು ಬಿದ್ದು ಬಣ್ಣದ ಚಕ್ಕೆ ಏಳುವುದು, ಅದರ ಮೇಲೆ ಕಾಯಿಯ ನೀರು, ಕುಂಕುಮ, ಭಂಡಾರದ ಅರಿಶಿನ ಮೆತ್ತಿಕೊಂಡು ಮುಂದಿನ ಅಮಾವಾಸ್ಯೆವರೆಗೆ ಕೂರುವುದು. ಪೂಜೆ ಮಾಡಿದ್ದನ್ನು ಒರೆಸುವ ಹಾಗಿಲ್ಲವಲ್ಲ.

ಮೈಲವ್ವನ ಗಂಡ ಹಾಲಸಿದ್ದಪ್ಪ ದನದ ಕೊಟ್ಟಿಗೆಯಿಂದ ಬಂದು ನಿಂತ. ಫಕ್ಕೀರಸಾಬ ಬಣ್ಣವೆಂದರೆ ಕಬ್ಬಿಣಕ್ಕೆ ಮೈಚರ್ಮವಿದ್ದಂತೆ ಎಂಬಲ್ಲಿಂದ ಶುರುಮಾಡಿ ಬೆವರು ಇಳಿಯುವಂತೆ ಇಬ್ಬರಿಗೂ ಬಿಡಿಸಿ ಹೇಳಿದ. ಹಾಲಸಿದ್ದಪ್ಪ ಎಲ್ಲದಕ್ಕೂ ತಲೆಯಾಡಿಸಿದ. ಹಾಗಾದರೆ ಪಕ್ಕದ ಒಗೆಯುವ ಕಲ್ಲಿಗೆ ಒಡೆಯಿರಿ ಎಂದು ಮೇಸ್ತ್ರಿ ಹೇಳಿದಾಗ ಮೈಲವ್ವ ಒಪ್ಪಲಿಲ್ಲ.

“ಕಲ್ಲಿಗೆ ಒಡದ್ರ ಪೂಜಿ ಕಲ್ಲಿಗೆ ಆತು. ಅನ್ನಾ ಬೇಸೂದು ಕಲ್ಲೇನ್ರಿ? ಇಪ್ಪತ್ತ ವರ್ಷ ಒಲಿ ಊದಿ ಕಣ್ಣ ಮಂಜಾಗಿದ್ದುವು. ಈ ಡ್ರಮ್ಮ ಬಂದ ಮ್ಯಾಲ ಸೂಜ್ಯಾಗ ದಾರ ಪೋಣಸಾಕತ್ತೇನಿ.”

ಡ್ರಮ್ಮನ್ನು ಹಿಡಿದು ನಿಲ್ಲಿಸುವ ಪೈಪಿನ ಚೌಕಟ್ಟಿಗಾದರೂ ಒಡೆಯಿರಿ ಎಂದು ಫಕ್ಕೀರಸಾಬ ಅಂಗಲಾಚಿದ. ಅದು ಡ್ರಮ್ಮಿಗೆ ಅಂಟಿಲ್ಲ ಎಂದಳು.

“ಅಂಟಿರಬೇಕು, ಅಷ್ಟ ಹೌದಲ್ರಿ ಅಕ್ಕಾರ?”

ಆತ ಹಣೆ ಬಡಿದುಕೊಂಡು ಸಾಮಾನಿನ ಚೀಲ ಸುರಿದ. ಮೊಳದುದ್ದದ ದಪ್ಪ ಕಬ್ಬಿಣದ ಪಟ್ಟಿಯೊಂದನ್ನು ಆರಿಸಿ, ಅಂಚಿನಿಂದ ಹೊರಗೆ ಚಾಚುವಂತೆ ಡ್ರಮ್ಮಿಗೆ ವೆಲ್ಡ್ ಮಾಡಿದ. ಸುಟ್ಟ ಜಾಗಕ್ಕೆ ಮತ್ತೆ ಬಣ್ಣ ಬಳಿದ. ಪಟ್ಟಿಗೆ ಮಾತ್ರ ಕುಂಚ ಮುಟ್ಟಿಸಲಿಲ್ಲ.

“ತುಕ್ಕು ತಿನ್ನೂದಿದ್ರ ಇದನ್ನ ತಿನ್ನಲಿ ಅಕ್ಕಾರ. ತಿನ್ನಿಸಿಕೊಳ್ಳಾಕಂತನ ಇದನ್ನ ಹಚ್ಚೇನಿ.”

ಮೈಲವ್ವ ಪಟ್ಟಿಯನ್ನು ಅಲುಗಾಡಿಸಿ ನೋಡಿದಳು. ಅಂಟಿತ್ತು. ಭಂಡಾರ ಹಚ್ಚಿ ಒಂದೇ ಪೆಟ್ಟಿಗೆ ಕಾಯಿ ಒಡೆದಳು. ನೀರೆಲ್ಲ ಅಂಚಿನಾಚೆ ಮಣ್ಣಿಗೆ ಬಿತ್ತು. ಡ್ರಮ್ಮಿಗೆ ಒಂದು ಹನಿಯೂ ಸಿಡಿಯಲಿಲ್ಲ. ಮೂರು ವರ್ಷದಿಂದ ಹಿಡಿದಿಟ್ಟಿದ್ದ ಉಸಿರನ್ನು ಫಕ್ಕೀರಸಾಬ ಬಿಟ್ಟ. ಆಕೆ ಕೊಟ್ಟ ಕಾಯಿಯ ಹೋಳನ್ನು ಕಣ್ಣಿಗೊತ್ತಿಕೊಂಡು ಸಾಮಾನು ಕಟ್ಟತೊಡಗಿದ.

ಅಲ್ಲಿಯವರೆಗೆ ತಲೆಯಾಡಿಸುತ್ತಲೇ ಇದ್ದ ಹಾಲಸಿದ್ದಪ್ಪ ಹತ್ತಿರ ಬಂದು ಪಟ್ಟಿಯನ್ನು ಉಗುರಿನಿಂದ ಗೀಚಿ ನೋಡಿದ.

“ಎಲ್ಲಾ ಚಲೋ ಆತು ಮೇಸ್ತ್ರಿ,” ಎಂದ. “ಇದಕ್ಕ ಎಷ್ಟ ವರ್ಷದ ಗ್ಯಾರಂಟಿರಿ?”