ಒಂದು ಮೊಳ ಗೋಡೆ

ಬಾಗಿಲು ತೆರೆದು ಒಳಗೆ ಕಾಲಿಟ್ಟ ಜೆಮ್ಮಾ ಲಾಟೆಸ್ ಹೊಸಿಲಲ್ಲೇ ನಿಂತುಬಿಟ್ಟಳು. ಎದುರು ಗೋಡೆಯಲ್ಲಿ ಮುನ್ನೂರು ವರ್ಷದಿಂದ ಬರಿ ಇಟ್ಟಿಗೆ ಕಾಣುತ್ತಿದ್ದ, ಒಂದು ಮೊಳ ಉದ್ದ ಒಂದು ಮೊಳ ಅಗಲದ ಜಾಗ ಶುಕ್ರವಾರ ಇತ್ತು, ಸೋಮವಾರ ಇಲ್ಲ. ಅಲ್ಲೀಗ ಬೆಣ್ಣೆ ಸವರಿದ ಹಾಗೆ ನುಣ್ಣನೆಯ ಗಾರೆ.

"ಹೇಗಿದೆ ಅಮ್ಮಾ?" ಎಂದ ಒರೆಸ್ತೆ. ಭೂಕಂಪಕ್ಕೆ ಬಿರುಕುಬಿಟ್ಟಿದ್ದ ಫೆರಾರಾದ ಆ ಪುಟ್ಟ ಯಹೂದಿ ಪ್ರಾರ್ಥನಾಮಂದಿರಕ್ಕೆ ಏಳು ತಿಂಗಳು ಗಾರೆ ಕೆಲಸ ಮಾಡಿದವನು ಅವನೇ. "ನಿನ್ನೆ ರಜಾ ಇತ್ತಲ್ಲ, ಯಾರಿಗೂ ಹೇಳದೆ ಬಂದು ಮುಗಿಸಿದೆ. ಕಾಂಟ್ರಾಕ್ಟಲ್ಲಿ ಇರ್ಲಿಲ್ಲ. ಇನ್ನು ನಾಲ್ಕು ದಿನಕ್ಕೆ ಮಂದಿರದ ಬಾಗಿಲು ಮತ್ತೆ ತೆಗೀತೀರಿ, ನನ್ನ ಕಡೆಯಿಂದ ಇಷ್ಟಾದ್ರೂ ಇರ್ಲಿ ಅಂತ."

ಹಳೆಯ ಗಾರೆ ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಶುರುವಾಯಿತು ಎಂದು ಬೆರಳಾಡಿಸಿದರೂ ತಿಳಿಯುವಂತಿರಲಿಲ್ಲ. ಬೈಯಲು ಜೆಮ್ಮಾಗೆ ಬಾಯಿ ಬರಲಿಲ್ಲ. ಎಂಬತ್ತೆರಡರ ಅವಳನ್ನೂ ಸೇರಿಸಿ ಊರಿನಲ್ಲಿ ಆ ಮಂದಿರಕ್ಕೆ ಬರುವವರು ಎಂಟು ಜನ, ಎಲ್ಲರೂ ಮುದುಕರೇ. ಕಳ್ಳರು, ಬೆಂಕಿ, ಪುಂಡರು ಎಂದು ಏನೇನನ್ನೋ ನೆನೆದು ಹೆದರಿದ್ದವಳಿಗೆ ಒಬ್ಬ ಒಳ್ಳೆಯ ಮನುಷ್ಯನಿಂದ ಹೀಗಾದೀತೆಂದು ಹೊಳೆದೇ ಇರಲಿಲ್ಲ. ತಾನಿರುವಾಗಲೇ ಹೀಗೆ. ತಾನು ಹೋದಮೇಲೆ ಆ ಒಂದು ಮೊಳವನ್ನು ಕಾಯುವವರು ಯಾರು?

"ಒರೆಸ್ತೆ, ಸ್ವಲ್ಪ ಕೂತ್ಕೋ."

"ಯಾಕಮ್ಮ, ಸರಿಯಾಗಿಲ್ವಾ?"

"ಸರಿಯಾಗಿದೆ, ಅದೇ ಕಷ್ಟ. ಅಲ್ಲಿ ಗಾರೆ ಉದುರಿದ್ದಲ್ಲ ಮಾರಾಯ, ಬೇಕೂಂತಲೇ ಬಿಟ್ಟಿದ್ದು. ಜೆರುಸಲೇಮಿನ ನಮ್ಮ ದೇವಾಲಯ ಕೆಡವಿದ್ರಲ್ಲ, ಅವತ್ತಿಂದ ನಾವು ಎಲ್ಲಿ ಏನು ಕಟ್ಟಿದ್ರೂ ಅದರ ನೆನಪಿಗೆ ಬಾಗಿಲ ಎದುರಿಗೆ ಒಂದು ಮೊಳ ಗಾರೆ ಮೆತ್ತದೆ ಹಾಗೇ ಬಿಡ್ತೀವಿ."

"ಕೆಡವಿದ್ದು ಯಾರು?"

"ರೋಮಿನವರು."

"ಅದೇ ಅಂದ್ಕೊಂಡೆ. ರೋಮಿನವರು ಇವತ್ತಿಗೂ ಒಂದು ಕೆಲಸ ನೆಟ್ಟಗೆ ಮಾಡಲ್ಲ. ಯಾವಾಗ ಇದು?"

"ಎರಡು ಸಾವಿರ ವರ್ಷ ಆಗ್ತಾ ಬಂತು."

ಒರೆಸ್ತೆ ತಲೆ ಕೆರೆದುಕೊಂಡ. "ಇನ್ನೂ ದುಃಖಾನಾ ಅಮ್ಮಾ?"

"ಒಂದು ಮೊಳದಷ್ಟು. ಮಿಕ್ಕ ಗೋಡೆಗೆಲ್ಲ ಸುಣ್ಣ ಹೊಡೆಸ್ಕೊಂಡು ಚೆನ್ನಾಗೇ ಇದ್ದೀವಲ್ಲ."

ಅವನ ಕಿವಿ ಕೆಂಪಾಯಿತು. "ಮೂವತ್ತೈದು ವರ್ಷದಲ್ಲಿ ಒಂದು ಗೋಡೆನೂ ಅರ್ಧಕ್ಕೆ ಬಿಟ್ಟು ಹೋದೋನಲ್ಲ ನಾನು" ಎಂದು ಗೊಣಗಿ, ಚೀಲದಿಂದ ಉಳಿ, ಸುತ್ತಿಗೆ ತೆಗೆದ. ಹಿಂದಿನ ದಿನವಷ್ಟೇ ಮೆತ್ತಿದ್ದು ಹಕ್ಕಳೆ ಹಕ್ಕಳೆಯಾಗಿ ಎದ್ದು ಬಿತ್ತು. ಇಟ್ಟಿಗೆ ಪೂರ್ತಿ ಕಂಡಿತು. ಅಂಚು ಮಾತ್ರ ಒರಟಾಗಿ ಉಳಿಯಿತು. ಅದನ್ನು ನೇರ ಮಾಡಲು ಅವನ ಕೈ ತಾನಾಗಿ ಗಾರೆ ಮೆತ್ತುವ ಕರಣೆಯ ಕಡೆ ಹೋಯಿತು. ಹೋದ ಕೈಯನ್ನು ಅವನೇ ಹಿಂದಕ್ಕೆಳೆದು ಜೇಬಿಗೆ ತುರುಕಿಕೊಂಡ. ತನ್ನ ಕೆಲಸವನ್ನು ತಾನೇ ಇಷ್ಟು ಗೌರವದಿಂದ ಕೆಡವುವವನನ್ನು ಜೆಮ್ಮಾ ಕಂಡಿರಲಿಲ್ಲ. ಅವನ ಮುಂದೆ ಕೈಮುಗಿಯಬೇಕೆನಿಸಿತು.

ಶುಕ್ರವಾರ ಸಂಜೆ ದೀಪಗಳೆಲ್ಲ ಹೊತ್ತಿಕೊಂಡವು. ಪ್ರಾರ್ಥನೆಗೆ ಇನ್ನೂ ಹೊತ್ತಿತ್ತು. ನಗರಸಭೆಯಿಂದ ಬಂದಿದ್ದ ಅಧಿಕಾರಿ ಟೈ ಸರಿಮಾಡಿಕೊಳ್ಳುತ್ತ, ಕಂಬ ಕಂಬಕ್ಕೂ ಭೇಷ್ ಎನ್ನುತ್ತ ಒಂದು ಸುತ್ತು ಬಂದು ಎದುರು ಗೋಡೆಯ ಮುಂದೆ ನಿಂತ.

"ಛೆ, ಇದೊಂದು ಉಳಿದುಹೋಗಿದೆಯಲ್ಲ. ಸೋಮವಾರ ನಮ್ಮವರನ್ನ ಕಳಿಸ್ತೀನಿ, ಒಂದು ಗಂಟೆ ಕೆಲಸ."

ಮುಂದಿನ ಬೆಂಚಿನಲ್ಲಿದ್ದ ಜೆಮ್ಮಾ ಏಳಲು ಕೋಲಿಗೆ ಕೈಹಾಕಿದಳು. ಅಷ್ಟರಲ್ಲಿ ಒಳಗೆ ಬರುವ ಗಂಡಸರಿಗೆಂದು ಮಂದಿರದವರು ಕೊಟ್ಟ ಎರವಲು ಟೋಪಿಯನ್ನು ನೆತ್ತಿಯ ಮೇಲೆ ಒತ್ತಿಹಿಡಿದು ಹಿಂದಿನಿಂದ ದಾಪುಗಾಲಿಟ್ಟು ಬಂದ ಒರೆಸ್ತೆ, ಆ ಜಾಗಕ್ಕೆ ಬೆನ್ನು ಕೊಟ್ಟು ನಿಂತ.

"ಕಳಿಸಿ ಸಾರ್. ಕರಣೆ ಹಿಡ್ಕೊಂಡು ಬಂದೋನು ಕೈ ಮುರಿಸ್ಕೊಂಡು ಹೋಗ್ತಾನೆ."

ಜೆಮ್ಮಾ ಕೋಲನ್ನು ಮತ್ತೆ ಬೆಂಚಿಗೆ ಒರಗಿಸಿಟ್ಟಳು.