ಒಂದು ಕೊಡ ಉಪ್ಪುನೀರು

ಹುಮನಾಬಾದಿನಲ್ಲಿ ಮನೆಯ ಕರೆಂಟಿಗೆ ಅರ್ಥಿಂಗ್ ಹಾಕಬೇಕೆಂದರೆ ಜನ ನನ್ನನ್ನೇ ಕರೆಯುತ್ತಾರೆ. ಗುಂಡಿಗೆ ಉಪ್ಪುನೀರು ಸುರಿದಾಗ ಏಳುವ ಮಣ್ಣಿನ ವಾಸನೆಗೆ ಬಸವಕಲ್ಯಾಣದ ಕೋಟೆಯ ಆ ಮಧ್ಯಾಹ್ನ ಇಂದಿಗೂ ನೆನಪಾಗುತ್ತದೆ.

ಅಪ್ಪ ಕೋಟೆಯ ಕಲ್ಲುಗೋಡೆ ರಿಪೇರಿ ಮಾಡುತ್ತಿದ್ದ. "ಇದರ ಕೆಳಗ ಹಳೇ ಗ್ವಾಡಿ ಅದರಿ ಸಾಹೇಬ್ರ, ಹಾರಿ ಬಡದ್ರ ಸಪ್ಪಳ ಬ್ಯಾರೆ ಬರ್ತದ" ಎಂದು ಅವನು ಹಾರೆಯಿಂದ ನೆಲ ಕುಟ್ಟಿ ಹೇಳಿದ್ದಕ್ಕೇ ಪುರಾತತ್ವ ಇಲಾಖೆಯ ಸರ್ವೆ ಸಾಹೇಬರು ಮಿಷನ್ ತಂದಿದ್ದರು. ನೆಲಕ್ಕೆ ಕಬ್ಬಿಣದ ಗೂಟ ಹೊಡೆದು ಕರೆಂಟ್ ಬಿಡುವುದು; ಕೆಳಗೆ ಕಲ್ಲಿದ್ದರೆ ಅಂಕಿ ಏರುತ್ತದೆ, ಹಸಿ ಮಣ್ಣಿದ್ದರೆ ಇಳಿಯುತ್ತದೆ. ಕರೆಂಟ್ ನೆಲಕ್ಕೆ ಇಳಿಯಲೆಂದು ಗೂಟದ ಬುಡಕ್ಕೆ ಒಂದೊಂದು ಲೋಟ ಉಪ್ಪುನೀರು ಹಾಕುವ ಕೆಲಸ, ಆ ವರ್ಷವೇ ಶಾಲೆ ಬಿಟ್ಟಿದ್ದ ನನ್ನದು. ಅಂಕಿ ಓದಿ ಹೇಳುವ ಕೆಲಸ, ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಕಾನ ಮಗ ಶರಣುವಿನದು.

"ನೋಡು, ಹ್ಯಾಂಗ ಓದಾಕತ್ತಾನ! ಸಾಹೇಬ ಆಗ್ತಾನ ಇವ" ಎಂದ ಅಪ್ಪ. ಬೆಳಗಿನಿಂದ ನೀರು ಹೊತ್ತವನು ನಾನು. ಅಪ್ಪ ತೋರಿಸಿದ್ದ ಜಾಗ ಬಂದಾಗ, ಶರಣು ಓದುವ ಅಂಕಿ ಕೆಡಲಿ ಎಂದು ಇಡೀ ಕೊಡವನ್ನೇ ಅಲ್ಲಿ ಸುರಿದುಬಿಟ್ಟೆ.

ಅಂಕಿ ಸರ್ರನೆ ಇಳಿಯಿತು. ಶರಣು ಕಂಡದ್ದನ್ನೇ ಓದಿದ.

"ಇಲ್ಲಿ ಬರೀ ಮಣ್ಣದ. ನಿನ್ನ ಹಾರಿ ಸುಳ್ಳ ಹೇಳೇದ ನೋಡಪಾ" ಎಂದು ಸಾಹೇಬರು ನಕ್ಕು ತಂತಿ ಸುತ್ತಿಸಿದರು.

ಅಪ್ಪ ಕುಕ್ಕರಗಾಲಲ್ಲಿ ಕುಳಿತು, ಚಿಟಿಕೆ ಮಣ್ಣು ತೆಗೆದು ನಾಲಿಗೆಗೆ ಹಚ್ಚಿಕೊಂಡ. ನನ್ನ ಕಡೆ ನೋಡಿದ. ಆಮೇಲೆ ಸಾಹೇಬರ ಕಡೆ ತಿರುಗಿ, "ಹೌದ್ರಿ, ನಂದೇ ತಪ್ಪಾತ್ರಿ" ಎಂದ.