ಇಪ್ಪತ್ತಾರನೇ ಸೀಟು

ಆರು ಗಂಟೆಗೆ ಇನ್ನು ಹದಿನೈದೇ ನಿಮಿಷ. ಚಾರ್ಟಿನಲ್ಲಿ ಇಪ್ಪತ್ತಾರನೇ ಸೀಟು ಖಾಲಿಯಿತ್ತು.

ದಾವಣಗೆರೆ ಬಸ್‌ಸ್ಟ್ಯಾಂಡಿನ ಎದುರಿನ ಆ ಪುಟ್ಟ ಟೂರ್ ಆಫೀಸಿನಲ್ಲಿ ಒಂದು ಪದ್ಧತಿ. ಮರುದಿನದ ಕರಾವಳಿ ಬಸ್ಸಿನಲ್ಲಿ ಸಂಜೆ ಆರಕ್ಕೆ ಸೀಟು ಉಳಿದರೆ ಅದು ಕೌಂಟರಿನವರಿಗೆ. ಪ್ರಯಾಣಿಕರ ತಲೆ ಎಣಿಸಿಕೊಂಡು ಪುಕ್ಕಟೆ ಹೋಗಿಬರಬಹುದು. ಕಾಲೇಜು ಮುಗಿಸಿ ಬಂದು ಇಲ್ಲಿ ಕೂರುವ ಅಂಬಿಕಾಗೆ ಎರಡು ವರ್ಷದಲ್ಲಿ ಒಂದು ಸೀಟೂ ಉಳಿದಿರಲಿಲ್ಲ. ಸಮುದ್ರ ಎಂದರೆ ಅವಳಿಗೆ ಹೋಗಿಬಂದವರ ಮಾತು, ಮತ್ತೆ ಸೋಮವಾರ ಬಸ್ಸು ಗುಡಿಸುವಾಗ ಸಿಗುವ ಒಂದು ಹಿಡಿ ಮರಳು.

“ಇವತ್ತು ನಿಂದೇ ಬಿಡವ್ವಾ,” ಎಂದು ಮಾಲೀಕ ಬಸವಪ್ರಭು ಮಂಡಕ್ಕಿ ತರಲು ಹೋಗಿದ್ದರು. ಅವಳ ಬ್ಯಾಗಿನಲ್ಲಿ ಹೊಸ ಚಪ್ಪಲಿ ಕಾಯುತ್ತಿತ್ತು.

ಆಗ ಬಂದರು ಖೈರುನ್ನೀಸಾ. ಹರಿಹರದವರು, ಕುತ್ತಿಗೆಯಲ್ಲಿ ಇನ್ನೂ ಹೊಲಿಗೆಯ ಟೇಪು. “ಹೋಗು ಹೋಗು ಅಂತ ಮಗಳ ಕಾಟ. ಮನೆ ಮುಂದೇನೇ ಹೊಳೆ ಐತೆ, ನೀರು ನೋಡಾಕೆ ಅಷ್ಟು ದೂರ ಯಾಕ ಹೋಗ್ಲಿ? ನೀನೇ ನಿಜ ಹೇಳವ್ವಾ.”

“ಶೆಕೆ ಜಾಸ್ತಿರೀ,” ಎಂದಳು ಅಂಬಿಕಾ, ತಲೆ ಎತ್ತದೆ. “ಮೈಯೆಲ್ಲಾ ಅಂಟಂಟು.”

“ನಾನೂ ಅದೇ ಅಂದೆ!” ಖೈರುನ್ನೀಸಾ ಪರ್ಸಿನ ಜಿಪ್ಪು ಮುಚ್ಚಿ ಎದ್ದರು. “ನಮ್ಮ ಹೊಳೆಗಿಂತ ಎಷ್ಟು ದೊಡ್ಡದಿದ್ದೀತು?”

“ಹೊಳೆಗೆ ಆಚೆ ದಡ ಐತಲ್ರಿ. ಅದಕ್ಕಿಲ್ಲ.”

ಮಾತು ತಾನಾಗಿ ಬಂದುಬಿಟ್ಟಿತ್ತು. ಆಮೇಲೆ ನಿಲ್ಲಲೇ ಇಲ್ಲ. “ಮರವಂತೆಯಾಗ ಈ ಕಡೆ ಹೊಳೆ, ಆ ಕಡೆ ಸಮುದ್ರ. ನಡುವೆ ಬಸ್ಸು, ಸೀರೆ ಅಂಚಿನ ಮ್ಯಾಲೆ ಹೋದಂಗೆ. ಮಿರ್ಜಾನ್ ಕೋಟೆ ಗೋಡೆ ತುಂಬ ಹಸಿರು ಪಾಚಿ, ಮುಟ್ಟಿದ್ರೆ ಮಖಮಲ್ಲು. ಕಾಪು ಲೈಟ್‌ಹೌಸ್ ಹತ್ತಿದ್ರೆ ಗಾಳಿ ದುಪಟ್ಟಾನೇ ಕಿತ್ಕೊಂತದೆ. ಸಂಜೆ ನೀರಾಗ ನಿಂತ್ಕೊಳ್ರಿ. ಅಲೆ ವಾಪಸ್ ಹೋಗುವಾಗ ಕಾಲ್ಕೆಳಗಿನ ಮರಳು ಸರೀತದೆ. ನಾವಲ್ಲೇ ಇರ್ತೀವಿ, ಭೂಮಿನೇ ಎಲ್ಲೋ ಹೊಂಟಂಗೆ…”

ಅವಳ ಕಣ್ಣುಗಳು ಮುಚ್ಚಿದ್ದವು. ಪಕ್ಕದಂಗಡಿಯ ಬಾಣಲೆಗೆ ಮಿರ್ಚಿ ಬಿದ್ದು ಸೊರ್ರೆಂದಿತು, ಅಲೆಯೊಂದು ದಡಕ್ಕೆ ಬಂದ ಹಾಗೆ.

ಕಣ್ಣು ಬಿಟ್ಟಾಗ ಖೈರುನ್ನೀಸಾ ಮತ್ತೆ ಕುಳಿತಿದ್ದರು. “ನನ್ನ ಹೆಸರು ಬರ್ಕೊಂಡ್ಬಿಡು.”

ಆರಕ್ಕೆ ಎರಡು ನಿಮಿಷ. ಅಂಬಿಕಾ ಕಾಲಿನಿಂದ ಬ್ಯಾಗನ್ನು ಮೇಜಿನಡಿ ಇನ್ನಷ್ಟು ಒಳಗೆ ತಳ್ಳಿದಳು. ಬರೆದಳು.

“ಕಿಟಕಿ ಪಕ್ಕದ್ದೇ ಐತ್ರಿ.”

“ಕಣ್ಣಿಗೆ ಕಟ್ಟಿದಂಗೆ ಹೇಳ್ದಿ ನೋಡು! ಎಷ್ಟು ಸಲ ಹೋಗೀಯವ್ವಾ?”

“ಒಂದೇ ಸಲರೀ,” ಎಂದಳು ಅಂಬಿಕಾ. “ಈಗ, ನಿಮ್ ಜೊತೆಗೇ.”